ಅಜ್ಜಿಗೊಂದು ಅನಿಮೆ ಬೇಕಾಗಿದೆ, ಕನ್ನಡದಲ್ಲಿ

ಮಳೆಗೆ ರಜೆ ಸಿಕ್ಕಿದ ದಿನ. ಅದೂ ಇಂಜಿನಿಯರಿಂಗ್‌ನವರಿಗೂ ಸೇರಿ ಸಿಕ್ಕಿದ ಅಪರೂಪದ ರಜೆ. ಮೊಬೈಲನ್ನು ಟಿವಿಗೆ ಜೋಡಿಸಿ ‘ಕೊನೊಸುಬಾ’ ಎಂಬ ಜಪಾನಿ ಅನಿಮೆ ನೋಡುತ್ತಾ ಒಬ್ಬನೇ ಬಿದ್ದು ಬಿದ್ದು ನಗುತ್ತಿದ್ದೆ. ಮೊಣಕಾಲು ನೋವಿನ ಚಿಕಿತ್ಸೆಗೆಂದು ಊರಿನಿಂದ ಮಂಗಳೂರಿಗೆ ಬಂದು ನಮ್ಮ ಜೊತೆಗಿದ್ದ ಅಜ್ಜಿ ಮೆಲ್ಲ ಬಂದು ಪಕ್ಕದಲ್ಲಿ ಕೂತರು. ‘ಎಂತ ನೋಡಿ ಅಷ್ಟು ನಗ್ತಿ? ನನಗೂ ಸ್ವಲ್ಪ ಹೇಳು ಮಾರಾಯ’ ಎಂದರು.

ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷ್. ಅಜ್ಜಿಗೆ ಗೊತ್ತಿರುವುದು ತುಳು ಮತ್ತು ಕನ್ನಡ. ಬೇರೆ ದಾರಿಯಿಲ್ಲದೆ ನಾನೇ ಡಬ್ಬಿಂಗ್ ಕಲಾವಿದನಾದೆ.

ಕಥೆ ಹೀಗಿದೆ. ಕಜುಮಾ ಎಂಬ ಹುಡುಗ ಸದಾ ಮನೆಯೊಳಗೆ ಕೂತು ವಿಡಿಯೊ ಗೇಮ್ ಆಡುವವನು. ಒಂದು ದಿನ ಹೊರಗೆ ಬಂದಾಗ ಹುಡುಗಿಯೊಬ್ಬಳ ಮೇಲೆ ಲಾರಿ ಹಾಯಲಿದೆ ಎಂದುಕೊಂಡು ಅವಳನ್ನು ಆಚೆ ತಳ್ಳಿ ತಾನು ಸಾಯುತ್ತಾನೆ. ಸತ್ತ ಮೇಲೆ ಗೊತ್ತಾಗುತ್ತದೆ, ಬಂದದ್ದು ಲಾರಿಯಲ್ಲ, ನಿಧಾನ ಚಲಿಸುತ್ತಿದ್ದ ಟ್ರ್ಯಾಕ್ಟರ್. ಇವನು ಸತ್ತದ್ದು ಬರೀ ಗಾಬರಿಯಿಂದ! ಪರಲೋಕದಲ್ಲಿ ಎದುರಾದ ಅಕ್ವಾ ಎಂಬ ದೇವತೆ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ರಾಕ್ಷಸರಾಜನ ಕಾಟವಿರುವ ಇನ್ನೊಂದು ಲೋಕಕ್ಕೆ ಹೋಗು, ಜೊತೆಗೆ ನಿನಗಿಷ್ಟವಾದ ಒಂದನ್ನು ಕೊಂಡುಹೋಗು ಎನ್ನುತ್ತಾಳೆ. ಸಿಟ್ಟಿನಲ್ಲಿ ಹುಡುಗ ಆ ದೇವತೆಯನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲಿಗೆ ಹೋದ ಮೇಲೆ ತಿಳಿಯುವುದು, ಆಕೆಯಿಂದ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ.

ಕೆಲಸ ಹುಡುಕುವವರು ಮುಂದಿನ ಭಾಗವನ್ನು ನೋಡಲೇಬೇಕು. ಸಾಹಸಿಗಳ ಸಂಘದಲ್ಲಿ ಹೆಸರು ನೋಂದಾಯಿಸಲು ಇಬ್ಬರಲ್ಲೂ ಶುಲ್ಕಕ್ಕೆ ಕಾಸಿಲ್ಲ. ಹೇಗೋ ನೋಂದಾಯಿಸಿದರೆ ಕಜುಮಾನ ಸಾಮರ್ಥ್ಯ ಪರೀಕ್ಷೆಯಲ್ಲಿ ಅದೃಷ್ಟವೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಅಂಕವಿಲ್ಲ. ರಾಕ್ಷಸನನ್ನು ಕೊಲ್ಲಲು ಹೋದವರು ಹೊಟ್ಟೆಪಾಡಿಗೆ ಊರಿನ ಗೋಡೆ ಕಟ್ಟುವ ಕೂಲಿ ಮಾಡುತ್ತಾರೆ, ಕುದುರೆ ಲಾಯದಲ್ಲಿ ಮಲಗುತ್ತಾರೆ. ತಂಡಕ್ಕೆ ಸೇರುವ ಮೆಗುಮಿನ್ ಎಂಬ ಮಾಂತ್ರಿಕಳಿಗೆ ಬರುವುದು ಒಂದೇ ಮಂತ್ರ. ಅದು ಮಹಾಸ್ಫೋಟದ ಮಂತ್ರ. ದಿನಕ್ಕೆ ಒಮ್ಮೆ ಹಾಕಿ ಅಲ್ಲೇ ಕುಸಿದು ಬೀಳುತ್ತಾಳೆ. ನಮ್ಮ ಕ್ಲಾಸಿನಲ್ಲೂ ಒಂದೇ ಪ್ರೋಗ್ರಾಮಿಂಗ್ ಭಾಷೆ ಕಲಿತು ಎಲ್ಲ ಇಂಟರ್‌ವ್ಯೂಗೂ ಹೋಗುವವರಿದ್ದೇವೆ, ಆದ್ದರಿಂದ ಅವಳನ್ನು ಕಂಡರೆ ನಮಗೆ ವಿಶೇಷ ಪ್ರೀತಿ.

ನಾಲ್ಕು ಎಪಿಸೋಡ್ ಮುಗಿಯುವಾಗ ಅಜ್ಜಿ ಹೇಳಿದ ಮಾತು: ‘ಇದು ನಮ್ಮ ಆಟದ ಹಾಸ್ಯಗಾರನ ಹಾಗೆಯೇ ಉಂಟಲ್ಲ!’ ಮುಜುಗರ ತರುವ ಕೆಲವು ದೃಶ್ಯಗಳನ್ನು ನಾನು ಓಡಿಸಿಬಿಟ್ಟದ್ದು ಬೇರೆ ವಿಷಯ. ಆದರೆ ಜಪಾನಿನ ನಗು ಅಜ್ಜಿಗೆ ದಾಟಿತು. ದಾಟದೆ ಉಳಿದದ್ದು ಭಾಷೆ ಮಾತ್ರ.

ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಇದು ಕನ್ನಡದಲ್ಲಿ ಯಾಕಿಲ್ಲ?

ಅನಿಮೆ ಈಗ ನಾಲ್ಕು ಮಂದಿಯ ಹುಚ್ಚಲ್ಲ. ಸೆಪ್ಟೆಂಬರ್ 12, 2025ರಂದು ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತದಲ್ಲಿ ಬಿಡುಗಡೆಯಾದಾಗ ನಮ್ಮ ಕಾಲೇಜಿನಲ್ಲಿ ದೊಡ್ಡ ಹೀರೊ ಸಿನಿಮಾದಷ್ಟೇ ಗದ್ದಲವಿತ್ತು. ಆ ಚಿತ್ರ ಬಂದದ್ದು ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು ಮತ್ತು ತೆಲುಗಿನಲ್ಲಿ. ಅನಿಮೆಗೆಂದೇ ಇರುವ ಕ್ರಂಚಿರೋಲ್ ಆ್ಯಪ್‌ ಕೂಡ ಭಾರತೀಯರಿಗಾಗಿ ಡಬ್ಬಿಂಗ್ ಮಾಡಿಸುತ್ತಿರುವುದು ಹಿಂದಿ, ತಮಿಳು, ತೆಲುಗಿಗೆ. ಪಟ್ಟಿ ಅಲ್ಲಿಗೆ ನಿಲ್ಲುತ್ತದೆ.

ಜನಸಂಖ್ಯೆ ಕಡಿಮೆ, ಅದಕ್ಕೆ ಎನ್ನಬಹುದು. 2011ರ ಜನಗಣತಿ ಪ್ರಕಾರ ತೆಲುಗು ಮಾತೃಭಾಷಿಕರು 8.1 ಕೋಟಿ, ತಮಿಳರು 6.9 ಕೋಟಿ, ಕನ್ನಡಿಗರು 4.37 ಕೋಟಿ. ಕಡಿಮೆ ಹೌದು. ಆದರೆ ಲೆಕ್ಕಕ್ಕೆ ಬಾರದಷ್ಟು ಕಡಿಮೆಯೇ?

ಇನ್ನೊಂದು ಕಾರಣ ನಮ್ಮ ಇತಿಹಾಸದಲ್ಲಿದೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್ ಬೇಡ ಎನ್ನುತ್ತಾ ಬಂತು. ಆಗ ಅದಕ್ಕೆ ಅರ್ಥವಿತ್ತು. ನೆರೆಯ ದೊಡ್ಡ ಉದ್ಯಮಗಳ ಚಿತ್ರಗಳು ಡಬ್ ಆಗಿ ನುಗ್ಗಿದರೆ ನಮ್ಮ ಚಿಕ್ಕ ಉದ್ಯಮ, ಅದನ್ನು ನಂಬಿದ ಕಲಾವಿದರು, ತಂತ್ರಜ್ಞರು ಉಳಿಯುವುದು ಕಷ್ಟವಿತ್ತು. ಆದರೆ ಕಾಲ ಬದಲಾದರೂ ಬಾಗಿಲು ಮುಚ್ಚಿಯೇ ಇತ್ತು. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ಬೇರೆ ಭಾಷೆಗಳಲ್ಲಿ ಬಂದರೂ ಟಿವಿಯಲ್ಲಿ ಕನ್ನಡಕ್ಕೆ ಬರಲಾಗಲಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ತಮಿಳು ಚಿತ್ರವೊಂದು ಕನ್ನಡ ಮಾತಾಡಿ ತೆರೆಗೆ ಬಂತು. ಈಗ ‘ಆರ್‌ಆರ್‌ಆರ್’ನಂಥ ಚಿತ್ರ ಕನ್ನಡದಲ್ಲಿ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬಾಗಿಲು ತೆರೆದಿದೆ. ಹಾಗಿದ್ದರೂ ಅನಿಮೆ ಒಳಗೆ ಬಂದದ್ದು ತೀರಾ ಕಡಿಮೆ.

ಚಿಕ್ಕ ಮಕ್ಕಳ ಕಾರ್ಟೂನಿಗೆ ಈ ಕೊರತೆ ಇಷ್ಟಿಲ್ಲ. 2009ರಲ್ಲಿ ಶುರುವಾದ ಚಿಂಟು ಟಿವಿ ನೋಡಿ ಬೆಳೆದವರು ನಾವು. 2021ರಲ್ಲಿ ಬಂದ ಈಟಿವಿ ಬಾಲ್ ಭಾರತ್ ಕೂಡ ಕನ್ನಡದಲ್ಲಿದೆ. ಅಂದರೆ ಎಂಟು ವರ್ಷದವರೆಗೆ ಕನ್ನಡದಲ್ಲಿ ನಗಬಹುದು. ಹದಿಮೂರಕ್ಕೆ ಬಂದು ಸ್ವಲ್ಪ ದೊಡ್ಡವರ ಕಥೆ ಬೇಕೆನಿಸಿದಾಗ ಹಿಂದಿಗೋ ಇಂಗ್ಲಿಷಿಗೋ ಗಂಟು ಮೂಟೆ ಕಟ್ಟಬೇಕು. ನಾನೂ ಹಾಗೆಯೇ ಹೋದವನು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನನ್ನ ಆ್ಯಪ್‌ಗಳಲ್ಲಿ ಭಾಷೆ ಇಂಗ್ಲಿಷ್. ಯಾವುದಾದರೂ ಚಿತ್ರಕ್ಕೆ ಕನ್ನಡ ಆಡಿಯೊ ಇದ್ದರೂ ಒಂದು ನಿಮಿಷ ಕೇಳಿ ‘ಅಯ್ಯೋ, ಪುಸ್ತಕದ ಭಾಷೆ’ ಎಂದು ಬದಲಾಯಿಸಿದ್ದೇನೆ. ಗೆಳೆಯರು ಕಳಿಸಿದ ಕದ್ದ ಕಾಪಿಗಳನ್ನೂ ನೋಡಿದ್ದೇನೆ. ವ್ಯಾಪಾರದ ಲೆಕ್ಕ ಸರಳ. ಎಲ್ಲಿ ನೋಡುಗರು ಕಾಣುತ್ತಾರೋ ಅಲ್ಲಿ ಹಣ ಹಾಕುತ್ತಾರೆ. ಹಿಂದಿಯಲ್ಲಿ ನೋಡಿದಾಗ ನಾನು ಹಿಂದಿ ನೋಡುಗನ ಲೆಕ್ಕಕ್ಕೆ ಸೇರಿದೆ, ಇಂಗ್ಲಿಷಿನಲ್ಲಿ ನೋಡಿದಾಗ ಇಂಗ್ಲಿಷಿನವನ ಲೆಕ್ಕಕ್ಕೆ. ಕದ್ದು ನೋಡಿದಾಗ ಯಾರ ಲೆಕ್ಕಕ್ಕೂ ಇಲ್ಲ. ಮಂಗಳೂರಿನಲ್ಲಿ ಕೂತ ಕನ್ನಡದ ನೋಡುಗ ಎಲ್ಲಿಯೂ ದಾಖಲಾಗಲಿಲ್ಲ. ಕನ್ನಡ ಡಬ್ಬಿಂಗ್ ಇಲ್ಲದ್ದರಿಂದ ನಾವು ಬೇರೆ ಭಾಷೆಯಲ್ಲಿ ನೋಡುತ್ತೇವೆ, ನಾವು ಬೇರೆ ಭಾಷೆಯಲ್ಲಿ ನೋಡುವುದರಿಂದ ಕನ್ನಡಕ್ಕೆ ಬೇಡಿಕೆಯೇ ಕಾಣುವುದಿಲ್ಲ. ಪ್ರೋಗ್ರಾಮಿಂಗ್ ಕಲಿತವರು ಇದನ್ನು ಇನ್ಫಿನಿಟ್ ಲೂಪ್ ಎನ್ನುತ್ತಾರೆ. ಲೂಪ್ ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ಒಳಗೆ ಬ್ರೇಕ್ ಹಾಕಬೇಕು.

‘ಅನಿಮೆ ಕನ್ನಡಕ್ಕೆ ಒಗ್ಗುವುದಿಲ್ಲ’ ಎಂದು ಗೆಳೆಯರು ಹೇಳುತ್ತಾರೆ. ಅಜ್ಜಿಗೆ ಕಥೆ ಹೇಳುವ ಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ‘ಕೊನೊಸುಬಾ’ದ ನಗು ಹುಟ್ಟುವುದು ಹೇಗೆ ನೋಡಿ. ದೇವತೆ ಗಂಭೀರ, ಘನ ಭಾಷೆಯಲ್ಲಿ ಮಾತು ಆರಂಭಿಸುತ್ತಾಳೆ. ಎರಡೇ ನಿಮಿಷಕ್ಕೆ ಮೀನು ಮಾರ್ಕೆಟಿನಲ್ಲಿ ಚೌಕಾಸಿ ಮಾಡುವವರ ಹಾಗೆ ಕಿರುಚುತ್ತಾಳೆ. ಘನ ಮಾತಿನಿಂದ ಆಡುಮಾತಿಗೆ ದಡಕ್ಕನೆ ಬೀಳುವುದರಲ್ಲೇ ನಗುವಿದೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇದು ಅರ್ಧ ಕಳೆದುಹೋಗುತ್ತದೆ. ಕನ್ನಡದಲ್ಲಿ ಹೇಳುವಾಗ ನನಗೆ ಕಷ್ಟವೇ ಆಗಲಿಲ್ಲ, ಏಕೆಂದರೆ ಯಕ್ಷಗಾನದಲ್ಲಿ ಈ ಕ್ರಮ ಮೊದಲೇ ಉಂಟು. ರಾಜ ‘ಎಲೈ ದೂತನೇ’ ಎಂದು ಗ್ರಾಂಥಿಕದಲ್ಲಿ ಕರೆದರೆ, ಹಾಸ್ಯಗಾರ ‘ಎಂತ ಸ್ವಾಮೀ’ ಎಂದು ನಮ್ಮ ಮನೆಮಾತಿನಲ್ಲಿ ಉತ್ತರಿಸುತ್ತಾನೆ. ಸಭೆಗೆ ಸಭೆಯೇ ನಗುತ್ತದೆ. ಅಕ್ವಾಳನ್ನು ಮೊದಲು ರಾಜನ ಕನ್ನಡದಲ್ಲಿ, ಆಮೇಲೆ ದೂತನ ಕನ್ನಡದಲ್ಲಿ ಮಾತಾಡಿಸಿದೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ನಾವು ‘ಪುಸ್ತಕದ ಭಾಷೆ’ ಎಂದು ಬೈಯುವ ಡಬ್ಬಿಂಗ್‌ನಲ್ಲಿ ಕನ್ನಡದ ದೋಷವಿಲ್ಲ. ಎಲ್ಲ ಪಾತ್ರಗಳ ಬಾಯಿಗೂ ಒಂದೇ ಕನ್ನಡ ತುಂಬಿದ್ದೇ ಅಲ್ಲಿನ ದೋಷ. ಮಂಗಳೂರು, ಧಾರವಾಡ, ಮಂಡ್ಯ, ಕಲಬುರಗಿ ಎಂದು ಇಷ್ಟು ಬಗೆಯ ಕನ್ನಡ ಇರುವಾಗ ಪಾತ್ರಕ್ಕೊಂದು ದನಿ ಹುಡುಕುವುದು ಎಷ್ಟರ ಕಷ್ಟ?

ಇದು ಕೆಲಸದ ಪ್ರಶ್ನೆಯೂ ಹೌದು. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ 2012ರಲ್ಲೇ ನೀತಿ ರೂಪಿಸಿದ ರಾಜ್ಯ ನಮ್ಮದು. ಈಗ 2024–29ರ ಹೊಸ ನೀತಿಯೂ ಜಾರಿಯಲ್ಲಿದೆ. ಚಿತ್ರ ಬಿಡಿಸುವ, ಸಾಫ್ಟ್‌ವೇರ್ ಬಲ್ಲ ಹುಡುಗರು ನಮ್ಮಲ್ಲಿದ್ದಾರೆ. ಆದರೆ ಒಂದು ಸರಣಿ ಕನ್ನಡಕ್ಕೆ ಬಂದರೆ ಅನುವಾದಕ, ತುಟಿ ಚಲನೆಗೆ ಮಾತು ಹೊಂದಿಸುವವರು, ಕಂಠದಾನ ಕಲಾವಿದರು, ಧ್ವನಿ ತಂತ್ರಜ್ಞರು ಎಲ್ಲರಿಗೂ ಕೆಲಸ. ಅದರಲ್ಲಿ ಅರ್ಧಕ್ಕೆ ಬೇಕಾಗಿರುವುದು ಕೋಡಿಂಗ್ ಅಲ್ಲ, ಒಳ್ಳೆಯ ಕನ್ನಡ. ಕನ್ನಡ ಬಿಎ, ಎಂಎ ಓದಿ ಕೆಲಸ ಹುಡುಕುತ್ತಿರುವವರಿಗೆ ಈ ಬಾಗಿಲು ತೆರೆದರೆ ಕಡಿಮೆ ಸಂಗತಿಯೇ?

ಬೇಡಿಕೆ ಇಲ್ಲ ಎನ್ನುವವರಿಗೆ ಕಳೆದ ವರ್ಷವೇ ಉತ್ತರ ಸಿಕ್ಕಿದೆ. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರ ಜುಲೈ 25ರಂದು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬಂತು. ದೇಶದಲ್ಲಿ ಅನಿಮೇಷನ್ ಚಿತ್ರವೊಂದು ಅಷ್ಟು ದುಡಿದದ್ದು ಅದೇ ಮೊದಲು. ನಮ್ಮ ಮನೆಯವರೆಲ್ಲ ಅಜ್ಜಿಯನ್ನೂ ಕರೆದುಕೊಂಡು ಕನ್ನಡದಲ್ಲೇ ನೋಡಿದೆವು. ಅದು ಪ್ರಹ್ಲಾದನ ಕಥೆ, ಭಕ್ತಿಯೂ ಸೇರಿತ್ತು ನಿಜ. ಆದರೆ ಅನಿಮೇಷನ್ ಅಂದರೆ ಮಕ್ಕಳಾಟ, ಕನ್ನಡದಲ್ಲಿ ಯಾರು ನೋಡುತ್ತಾರೆ ಎಂಬ ಮಾತು ಅಲ್ಲಿಗೆ ಬಿತ್ತು.

ಹಾಗಾದರೆ ನಮ್ಮಂಥವರು ಏನು ಮಾಡಬಹುದು? ದೊಡ್ಡ ಚಳವಳಿ ಏನೂ ಬೇಡ. ಕನ್ನಡ ಆಡಿಯೊ ಇರುವ ಕಡೆ ಅದನ್ನೇ ಹಾಕಿ ನೋಡುವುದು. ಚೆನ್ನಾಗಿಲ್ಲದಿದ್ದರೆ ಇಂಗ್ಲಿಷಿಗೆ ಓಡದೆ, ಯಾಕೆ ಚೆನ್ನಾಗಿಲ್ಲ ಎಂದು ಅವರಿಗೇ ಬರೆಯುವುದು. ಇಲ್ಲದ ಕಡೆ ಕೇಳುವುದು, ಮತ್ತೆ ಕೇಳುವುದು. ಕದ್ದ ಕಾಪಿಯನ್ನು ಬಿಡುವುದು. ನಾನು ಆ್ಯಪ್‌ಗಳ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಮೂರು ತಿಂಗಳಾಯಿತು. ಮೊದಲ ವಾರ ಯಾವ ಬಟನ್ ಎಲ್ಲಿದೆ ಎಂದು ತಡಕಾಡಿದೆ, ಈಗ ಅಭ್ಯಾಸವಾಗಿದೆ.

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಅಜ್ಜಿ ಊರಿಗೆ ಹೋದರು. ಹೋಗುವ ಮೊದಲಿನ ವಾರಗಳಲ್ಲಿ ನನಗೆ ಇಂಟರ್ನಲ್ಸ್, ಲ್ಯಾಬ್, ಪ್ಲೇಸ್‌ಮೆಂಟ್ ತರಬೇತಿ ಎಂದು ಕೂತು ಕಥೆ ಹೇಳಲು ಆಗಲೇ ಇಲ್ಲ. ಒಂದು ಸಂಜೆ ಕಾಲೇಜಿನಿಂದ ಬಂದಾಗ ತಂಗಿ ಅನಿಮೆ ಹಾಕಿಕೊಂಡು ನಗುತ್ತಿದ್ದಳು. ಅಜ್ಜಿ ಪಕ್ಕದಲ್ಲೇ ಕೂತು ಒಮ್ಮೆ ಪರದೆಯನ್ನು, ಒಮ್ಮೆ ಅವಳ ಮುಖವನ್ನು ನೋಡುತ್ತಿದ್ದರು. ಮುಂದಿನ ವರ್ಷ ಕೆಲಸ ಸಿಕ್ಕಿ ನಾನು ಬೆಂಗಳೂರಿಗೋ ಪುಣೆಗೋ ಹೋದರೆ ಆ ಪಕ್ಕದ ಕುರ್ಚಿಯಲ್ಲಿ ಕೂತು ಹೇಳುವವರು ಯಾರು?

ಮೊನ್ನೆ ಅಜ್ಜಿ ಫೋನ್ ಮಾಡಿದ್ದರು. ಊಟ, ಮಳೆ, ಮೊಣಕಾಲು ಎಲ್ಲ ಮಾತಾಡಿ ಆದ ಮೇಲೆ ಕೇಳಿದರು: ‘ಹೌದಾ, ಆ ಹುಡುಗನ ತಲೆ ಮೇಲೆ ಅಷ್ಟು ಸಾಲ ಬಿತ್ತಲ್ಲ, ಅದು ತೀರಿತಾ?’ ‘ಇನ್ನೂ ಉಂಟಜ್ಜಿ, ಬಂದಾಗ ಹೇಳ್ತೇನೆ’ ಎಂದೆ.