ಮತಪೆಟ್ಟಿಗೆಯ ಮೇಲೆ ಪರರ ನೆರಳು

1960ನೆಯ ಇಸವಿಯ ಜನವರಿ ತಿಂಗಳಲ್ಲಿ ವಾಷಿಂಗ್ಟನ್ ನಗರದ ಸೋವಿಯತ್ ರಾಯಭಾರ ಕಚೇರಿಯಲ್ಲಿ ನಡೆದ ಒಂದು ಭೇಟಿಯ ವೃತ್ತಾಂತವನ್ನು ನಾನು ಆಗಾಗ ನೆನೆಯುವುದುಂಟು. ಅತಿಥಿಯಾಗಿ ಹೋದವರು ಅಡ್ಲಾಯ್ ಸ್ಟೀವನ್‌ಸನ್. 1952 ಮತ್ತು 1956ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ ನಿಂತು, ಎರಡು ಸಲವೂ ಐಸೆನ್‌ಹೋವರ್ ಅವರ ಎದುರು ಸೋತವರು. ಆತಿಥ್ಯದ ಉಪಚಾರಗಳು ಮುಗಿದ ಮೇಲೆ ರಾಯಭಾರಿ ಮೆನ್ಷಿಕೋವ್ ಅವರು ಮಾಸ್ಕೋದಿಂದ ಕ್ರುಶ್ಚೇವ್ ಅವರು ಕಳುಹಿಸಿದ್ದ ಸಂದೇಶವನ್ನು ತಿಳಿಸಿದರು. ಸ್ಟೀವನ್‌ಸನ್ ಅಧ್ಯಕ್ಷರಾಗಬೇಕೆಂಬುದು ಮಾಸ್ಕೋದ ಆಸೆ. ಅದಕ್ಕಾಗಿ ಸೋವಿಯತ್ ಪತ್ರಿಕೆಗಳು ಅವರನ್ನು ಹೊಗಳಬೇಕೇ, ಇಲ್ಲವೇ ತೆಗಳಬೇಕೇ, ಯಾವುದರಿಂದ ಅವರಿಗೆ ಹೆಚ್ಚು ಉಪಕಾರವಾದೀತು ಎಂಬುದು ಪ್ರಶ್ನೆ. ಸ್ಟೀವನ್‌ಸನ್ ಅವರು ಇದು ಉಚಿತವಾದ ಮಾತಲ್ಲವೆಂದು ತಿಳಿಸಿ, ನೆರವನ್ನು ಬೇಡವೆಂದರು, ನಡೆದುದೆಲ್ಲವನ್ನೂ ಬರೆದಿಟ್ಟರು. ಲೋಕಕ್ಕೆ ಈ ಸಂಗತಿ ತಿಳಿದುದು ವರ್ಷಗಳು ಕಳೆದ ನಂತರ.

1968ರಲ್ಲಿ ಇದೇ ಬಗೆಯ ಇನ್ನೊಂದು ಪ್ರಸಂಗ ನಡೆಯಿತು. ನಿಕ್ಸನ್ ಗೆದ್ದುಬಿಟ್ಟಾರು ಎಂಬ ಆತಂಕದಿಂದ ಮಾಸ್ಕೋ ತನ್ನ ರಾಯಭಾರಿ ದೊಬ್ರಿನಿನ್ ಅವರ ಮೂಲಕ ಹ್ಯೂಬರ್ಟ್ ಹಂಫ್ರಿ ಅವರಿಗೆ ಹಣದ ನೆರವನ್ನೂ ನೀಡಲು ಮುಂದಾಯಿತು. ಹಂಫ್ರಿ ಅವರು ಮಾತಿನ ಧಾಟಿಯಿಂದಲೇ ವಿಷಯವನ್ನು ಅರಿತು, ಶುಭಾಶಯವೊಂದೇ ತಮಗೆ ಸಾಕೆಂದು ಮಾತನ್ನು ಮುಗಿಸಿದರಂತೆ. ದೊಬ್ರಿನಿನ್ ಅವರೇ 1995ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ ಇದನ್ನು ಹೇಳಿದ್ದಾರೆ. ಹಂಫ್ರಿ ಆ ಚುನಾವಣೆಯಲ್ಲಿ ಅತ್ಯಲ್ಪ ಅಂತರದಿಂದ ಸೋತರು.

ಅಧ್ಯಕ್ಷರ ಆಯ್ಕೆಯಲ್ಲಿ ಪರರಾಷ್ಟ್ರಗಳು ಕೈಹಾಕುವ ಪ್ರಶ್ನೆಯನ್ನು ಕುರಿತು ವಿಚಾರ ಮಾಡುವಾಗ ಈ ಎರಡು ನಿರಾಕರಣೆಗಳನ್ನು ಎದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಏಕೆಂದರೆ 2016ರ ಅಮೆರಿಕದ ಚುನಾವಣೆಯನ್ನು ಕುರಿತು ನಡೆದ ಮಹಾ ಚರ್ಚೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡು ಬಿಡಿಸಲಾಗದ ಸಿಕ್ಕಾದವು. ಪರರು ಕೈಹಾಕಿದರೇ ಎಂಬುದು ಒಂದು. ಅಭ್ಯರ್ಥಿಯು ಅವರೊಡನೆ ಕೈಜೋಡಿಸಿದನೇ ಎಂಬುದು ಎರಡನೆಯದು. ಅದರಿಂದ ಫಲಿತಾಂಶ ಬದಲಾಯಿತೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಹೌದೆಂದವನು ಉಳಿದೆರಡಕ್ಕೂ ಹೌದೆನ್ನಲೇಬೇಕೆಂದು ಒಂದು ಪಕ್ಷದವರು ತಿಳಿದರು. ಮೂರನೆಯದಕ್ಕೆ ಇಲ್ಲವೆನ್ನಬೇಕಾದರೆ ಮೊದಲನೆಯದನ್ನೂ ಅಲ್ಲಗಳೆಯಬೇಕೆಂದು ಇನ್ನೊಂದು ಪಕ್ಷದವರು ತಿಳಿದರು. ಸತ್ಯವು ಈ ಎರಡು ಹಟಗಳ ನಡುವೆ ಸಿಕ್ಕಿಕೊಂಡಿತು.

ಮೊದಲನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇದೆ. ರಷ್ಯದ ಸೈನಿಕ ಗುಪ್ತಚರ ಇಲಾಖೆಯವರು 2016ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಗಣಕಯಂತ್ರಗಳಿಗೂ, ಹಿಲರಿ ಕ್ಲಿಂಟನ್ ಅವರ ಪ್ರಚಾರದ ಮುಖ್ಯಸ್ಥರ ಇ-ಮೇಲ್ ಪೆಟ್ಟಿಗೆಗೂ ಕನ್ನ ಕೊರೆದು ಪತ್ರಗಳನ್ನು ಕದ್ದರು. ಪಕ್ಷದ ಮಹಾಧಿವೇಶನಕ್ಕೆ ಮೂರು ದಿನಗಳ ಮುಂಚೆ, ಜುಲೈ 22ರಂದು, ಒಂದು ಕಂತೆಯನ್ನು ವಿಕಿಲೀಕ್ಸ್ ಪ್ರಕಟಿಸಿತು. ಅಕ್ಟೋಬರ್ 7ರಿಂದ ಇನ್ನೊಂದು ಕಂತೆ ಹೊರಬರತೊಡಗಿತು. ಈ ಕಳವಿಗಾಗಿ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರು 2018ರ ಜುಲೈನಲ್ಲಿ 12 ಮಂದಿ ರಷ್ಯನ್ ಅಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಕುಳಿತು ಅಮೆರಿಕನ್ ಪ್ರಜೆಗಳ ಸೋಗು ಹಾಕಿ ಬರೆಯುತ್ತಿದ್ದ ಒಂದು ಸಂಸ್ಥೆಗೆ ಸಂಬಂಧಿಸಿದಂತೆ 13 ಮಂದಿಯ ಮೇಲೂ 3 ಸಂಸ್ಥೆಗಳ ಮೇಲೂ ಆರೋಪ ಹೊರಿಸಲಾಗಿತ್ತು. ಎರಡೂ ಪಕ್ಷಗಳ ಸದಸ್ಯರಿದ್ದ ಸೆನೆಟ್ ಸಮಿತಿಯು ಐದು ಸಂಪುಟಗಳ ವರದಿಯನ್ನು 2020ರ ಆಗಸ್ಟ್ ವೇಳೆಗೆ ಮುಗಿಸಿ, ಹಸ್ತಕ್ಷೇಪ ನಡೆದುದು ನಿಜವೆಂದೇ ನಿರ್ಣಯಿಸಿತು.

ಈ ಸೋಗಿನ ಕೆಲಸ ಎಂಥದೆಂಬುದಕ್ಕೆ ಒಂದು ನಿದರ್ಶನ ಸಾಕು. 2016ರ ಮೇ ತಿಂಗಳ 21ರಂದು ಟೆಕ್ಸಾಸ್ ರಾಜ್ಯದ ಹೂಸ್ಟನ್ ನಗರದಲ್ಲಿ ಇಸ್ಲಾಮೀ ಕೇಂದ್ರವೊಂದರ ಎದುರು ಎರಡು ಗುಂಪುಗಳು ನೆರೆದವು. ಒಂದು ಗುಂಪು ಟೆಕ್ಸಾಸ್ ಇಸ್ಲಾಮೀಕರಣವಾಗುತ್ತಿದೆಯೆಂದು ಕೂಗಿತು; ಇನ್ನೊಂದು ಗುಂಪು ಇಸ್ಲಾಮೀ ಜ್ಞಾನವನ್ನು ಕಾಪಾಡಬೇಕೆಂದು ಬಂದಿತ್ತು. ಎರಡು ಕರೆಗಳನ್ನೂ ಫೇಸ್‌ಬುಕ್ಕಿನ ಮೂಲಕ ಕೊಟ್ಟವರು ಸಮುದ್ರದಾಚೆಯ ಅದೇ ಸೇಂಟ್ ಪೀಟರ್ಸ್‌ಬರ್ಗಿನವರು! ಸೆನೆಟ್ ಸಮಿತಿಯ ಅಧ್ಯಕ್ಷರು ಹೇಳಿದಂತೆ ಇದಕ್ಕೆ ತಗುಲಿದ ಖರ್ಚು ಸುಮಾರು 200 ಡಾಲರ್. ಕರೆ ಕೊಟ್ಟವರು ಪರಕೀಯರು, ನಿಜ. ಆದರೆ ಬೀದಿಯ ಈಚೆಗೂ ಆಚೆಗೂ ನಿಂತು ಒಬ್ಬರನ್ನೊಬ್ಬರು ಹೀಗಳೆದವರು ಒಂದೇ ದೇಶದ ಪ್ರಜೆಗಳು. ಅವರ ಸಿಟ್ಟನ್ನು ಯಾರೂ ಹಡಗಿನಲ್ಲಿ ತುಂಬಿ ತಂದಿರಲಿಲ್ಲ. ಗೋಡೆಯಲ್ಲಿ ಬಿರುಕಿದ್ದರೆ ತಾನೆ ಮಳೆಯ ನೀರು ಒಳಗೆ ಇಳಿಯುವುದು?

ಎರಡನೆಯ ಪ್ರಶ್ನೆಯ ಉತ್ತರ ಇಷ್ಟು ನೇರವಾದುದಲ್ಲ. ಟ್ರಂಪ್ ಅವರ ಪ್ರಚಾರದವರಿಗೂ ರಷ್ಯನ್ ಸರಕಾರಕ್ಕೂ ನಡುವೆ ಅಪರಾಧವೆನಿಸುವ ಒಳಸಂಚು ನಡೆದುದು ಸಿದ್ಧವಾಗಲಿಲ್ಲವೆಂದು 2019ರ ಏಪ್ರಿಲ್‌ನಲ್ಲಿ ಪ್ರಕಟವಾದ ಮುಲ್ಲರ್ ವರದಿ ಹೇಳಿತು. ಈ ಮಾತನ್ನು ಒಪ್ಪಬೇಕಾದುದು ನ್ಯಾಯ. ತನಿಖೆ ನಡೆಸಿದವರೂ ನಿರ್ದೋಷಿಗಳಾಗಿರಲಿಲ್ಲ. ಪ್ರಚಾರದ ಸಲಹೆಗಾರರೊಬ್ಬರ ಮೇಲೆ ಗುಪ್ತ ನಿಗಾ ಇಡಲು ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಗಳಲ್ಲಿ 17 ಗಂಭೀರ ತಪ್ಪುಗಳೂ ಲೋಪಗಳೂ ಇದ್ದುವೆಂದು ನ್ಯಾಯ ಇಲಾಖೆಯ ಮಹಾ ಪರಿಶೀಲಕರೇ 2019ರ ಡಿಸೆಂಬರ್‌ನಲ್ಲಿ ತೋರಿಸಿದರು. ಆದರೂ 2016ರ ಜೂನ್ 9ರಂದು ನಡೆದ ಒಂದು ಭೇಟಿಯನ್ನು ಮರೆಯುವಂತಿಲ್ಲ. ಎದುರಾಳಿಗೆ ಕಳಂಕ ತರುವ ಕಾಗದಪತ್ರಗಳಿವೆ, ಇದು ರಷ್ಯನ್ ಸರಕಾರದ ಬೆಂಬಲದ ಭಾಗವೇ ಎಂಬ ಸೂಚನೆ ಬಂದಾಗ ಅಭ್ಯರ್ಥಿಯ ಮಗನು ಅದನ್ನು ಸಂತೋಷದಿಂದ ಸ್ವಾಗತಿಸಿದನು. ಆ ಭೇಟಿಯಲ್ಲಿ ಅಂಥ ಪ್ರಯೋಜನವೇನೂ ದೊರೆಯಲಿಲ್ಲ. ಕಾನೂನಿನ ಕಣ್ಣಿಗೆ ಅದು ಶಿಕ್ಷಾರ್ಹ ಅಪರಾಧವೆಂದು ಸಿದ್ಧಪಡಲೂ ಇಲ್ಲ. ಸ್ಟೀವನ್‌ಸನ್ ಅವರಿಗಿದ್ದ ಸಂಕೋಚ ಇಲ್ಲಿ ಕಾಣಲಿಲ್ಲವೆಂದು ಹೇಳಲು ಮಾತ್ರ ನ್ಯಾಯಾಲಯದ ತೀರ್ಪು ಬೇಕಾಗಿಲ್ಲ. ಕಾನೂನು ತಡೆಯದ ಎಷ್ಟೋ ಕೆಲಸಗಳನ್ನು ಸಾರ್ವಜನಿಕ ಶೀಲವು ತಡೆಯಬೇಕಾಗುತ್ತದೆ.

ಮೂರನೆಯ ಪ್ರಶ್ನೆಗೆ ಪ್ರಾಯಶಃ ಎಂದಿಗೂ ಉತ್ತರ ದೊರೆಯಲಾರದು. ಕ್ಲಿಂಟನ್ ಅವರಿಗೆ ದೇಶದಾದ್ಯಂತ ಸುಮಾರು 28 ಲಕ್ಷ ಮತಗಳು ಹೆಚ್ಚು ಬಂದಿದ್ದರೂ, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಎಂಬ ಮೂರು ರಾಜ್ಯಗಳಲ್ಲಿ ಒಟ್ಟು 80 ಸಾವಿರಕ್ಕೂ ಕಡಮೆ ಮತಗಳ ಅಂತರದಿಂದ ಅವರು ಅಧ್ಯಕ್ಷ ಪದವಿಯನ್ನು ಕಳೆದುಕೊಂಡರು. ಅಂತರ ಇಷ್ಟು ಕಿರಿದಾದಾಗ ಯಾವ ಕಾರಣವನ್ನು ಬೇಕಾದರೂ ಎತ್ತಿ ಇದೇ ನಿರ್ಣಾಯಕವೆನ್ನಬಹುದು. ಕದ್ದ ಪತ್ರಗಳು ಪತ್ರಿಕೆಗಳ ಚರ್ಚೆಯ ದಿಕ್ಕನ್ನೇ ತಿರುಗಿಸಿದುದರಿಂದ ಪರಿಣಾಮವಾಗಿರುವ ಸಂಭವವೇ ಹೆಚ್ಚು ಎಂದು ವಿದ್ವಾಂಸೆ ಕ್ಯಾಥ್ಲೀನ್ ಹಾಲ್ ಜೇಮೀಸನ್ 2018ರಲ್ಲಿ ವಾದಿಸಿದರು. ಟ್ವಿಟರಿನ ಬರಹಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನವಾದರೋ, ರಷ್ಯನ್ ಖಾತೆಗಳ ಬರಹಗಳ ಶೇಕಡಾ 70 ಭಾಗವು ಕೇವಲ ಶೇಕಡಾ 1ರಷ್ಟು ಬಳಕೆದಾರರ ಕಣ್ಣಿಗೆ ಬಿದ್ದಿತ್ತೆಂದೂ, ಅದರಿಂದ ಜನರ ಅಭಿಪ್ರಾಯ ಬದಲಾದ ಕುರುಹು ಕಾಣಲಿಲ್ಲವೆಂದೂ ತಿಳಿಸಿತು. ಮತ ಹಾಕಿದವನ ಮನಸ್ಸಿನೊಳಗೆ ಹೊಕ್ಕು ನೋಡುವ ಯಂತ್ರ ಇನ್ನೂ ಹುಟ್ಟಿಲ್ಲ.

ಅಮೆರಿಕದವರು ಈ ವಿಷಯದಲ್ಲಿ ತೋರಿದ ಆಶ್ಚರ್ಯವನ್ನು ಕಂಡು ಚಿಲಿ ದೇಶದವರು ನಕ್ಕಿದ್ದರೆ ತಪ್ಪೆನ್ನಲಾಗದು. 1964ರ ಚಿಲಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಎಡ್ವರ್ಡೊ ಫ್ರೇ ಅವರ ಪರವಾಗಿ ಸಿ.ಐ.ಎ. ಸಂಸ್ಥೆ 26 ಲಕ್ಷ ಡಾಲರುಗಳನ್ನು ವೆಚ್ಚಮಾಡಿತೆಂದೂ, ಅದು ಅವರ ಪ್ರಚಾರದ ಖರ್ಚಿನ ಅರ್ಧಕ್ಕಿಂತ ಹೆಚ್ಚೆಂದೂ ಅಮೆರಿಕದ ಸೆನೆಟ್ಟಿನ ವರದಿಯೇ 1975ರಲ್ಲಿ ಬಯಲುಮಾಡಿತು. 1946ರಿಂದ 2000ದವರೆಗೆ ಎರಡು ಮಹಾಶಕ್ತಿಗಳು ಅನ್ಯದೇಶಗಳ ಚುನಾವಣೆಗಳಲ್ಲಿ 117 ಬಾರಿ ಕೈಹಾಕಿದುವೆಂದು ಡೋವ್ ಲೆವಿನ್ ಎಂಬ ಸಂಶೋಧಕರು ಎಣಿಸಿದ್ದಾರೆ; ಅದರಲ್ಲಿ 81 ಅಮೆರಿಕದವು, 36 ರಷ್ಯದವು. ನಮ್ಮ ದೇಶದಲ್ಲಿಯೂ 'ವಿದೇಶೀ ಕೈವಾಡ' ಎಂಬುದು 1970ರ ದಶಕದಿಂದ ಪತ್ರಿಕೆ ಓದುವವರಿಗೆಲ್ಲ ಪರಿಚಿತವಾದ ಮಾತು. ಕೇರಳ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟರನ್ನು ತಡೆಯಲೆಂದು ಅಮೆರಿಕವು ಕಾಂಗ್ರೆಸ್ಸಿಗೆ ಎರಡು ಬಾರಿ ಹಣ ಕೊಟ್ಟಿತೆಂದು, ಇಲ್ಲಿ ರಾಯಭಾರಿಯಾಗಿದ್ದ ಮೊಯ್ನಿಹಾನ್ ಅವರು 1978ರ ತಮ್ಮ ಪುಸ್ತಕದಲ್ಲಿ ಬರೆದರು. ಇಂದಿರಾ ಗಾಂಧಿಯವರು ಅದನ್ನು ಅಲ್ಲಗಳೆದರು. ಹೀಗೆ ಹಿಂದೆ ತಾನು ಮಾಡಿದುದನ್ನು ಇಂದು ಮತ್ತೊಬ್ಬನು ಮಾಡಿದನೆಂದು ಗೋಳಿಡುವುದು ಹಾಸ್ಯಾಸ್ಪದ. ಆದರೆ ಅವನ ಮನೆಯಲ್ಲಿ ಕಳವಾದುದು ಸುಳ್ಳೆಂದು ಇದರಿಂದ ಅರ್ಥವಾಗದು. ಅಮೆರಿಕದ ಮತದಾರನು ಸಿ.ಐ.ಎ. ಸಂಸ್ಥೆಯ ಪಾಪಕ್ಕೆ ದಂಡ ತೆರಬೇಕಾದವನೂ ಅಲ್ಲ.

ಹಸ್ತಕ್ಷೇಪ ನಡೆಯಿತೆಂದೇ ಇಟ್ಟುಕೊಳ್ಳೋಣ, ಪರಿಹಾರವೇನು? ಈ ಪ್ರಶ್ನೆಗೆ ರುಮೇನಿಯ ದೇಶವು 2024ರಲ್ಲಿ ಅತ್ಯಂತ ಕಠಿಣವಾದ ಉತ್ತರವನ್ನು ಕೊಟ್ಟಿತು. ನವೆಂಬರ್ 24ರಂದು ನಡೆದ ಮೊದಲ ಸುತ್ತಿನಲ್ಲಿ ಯಾರೂ ನಿರೀಕ್ಷಿಸದಿದ್ದ ಕಾಲಿನ್ ಜಾರ್ಜೆಸ್ಕು ಶೇಕಡಾ 23ರಷ್ಟು ಮತಗಳನ್ನು ಪಡೆದು ಮುಂದೆ ಬಂದರು. ಅವರ ಪ್ರಚಾರ ಬಹುಮಟ್ಟಿಗೆ ನಡೆದುದು ಟಿಕ್‌ಟಾಕ್ ಎಂಬ ಚಲಚಿತ್ರ ಜಾಲದಲ್ಲಿ. ಖರ್ಚು ಏನೂ ಇಲ್ಲವೆಂದು ಅವರು ಲೆಕ್ಕ ತೋರಿಸಿದ್ದರು. ಸಾಂವಿಧಾನಿಕ ನ್ಯಾಯಾಲಯವು ಡಿಸೆಂಬರ್ 2ರಂದು ಫಲಿತಾಂಶವನ್ನು ಒಪ್ಪಿತು. ಡಿಸೆಂಬರ್ 4ರಂದು ಅಧ್ಯಕ್ಷ ಯೊಹಾನಿಸ್ ಅವರು ಗುಪ್ತಚರ ಕಾಗದಗಳನ್ನು ಬಹಿರಂಗಪಡಿಸಿದರು. ಡಿಸೆಂಬರ್ 6ರಂದು ಅದೇ ನ್ಯಾಯಾಲಯವು ಇಡೀ ಚುನಾವಣೆಯನ್ನೇ ರದ್ದುಪಡಿಸಿತು. ಎರಡನೆಯ ಸುತ್ತಿಗೆ ಇನ್ನು ಎರಡೇ ದಿನಗಳಿದ್ದುವು. ಹೊರದೇಶಗಳಲ್ಲಿದ್ದ ರುಮೇನಿಯನ್ನರು ಆಗಲೇ ಮತ ಹಾಕುತ್ತಿದ್ದರು. ಆ ಪ್ರಚಾರದ ಒಂದು ಭಾಗಕ್ಕೆ ಹಣ ಕೊಟ್ಟಿದ್ದುದು ದೇಶದೊಳಗಿನ ಒಂದು ಆಡಳಿತ ಪಕ್ಷವೇ ಎಂಬ ವರದಿಯೂ ಅದೇ ತಿಂಗಳು ಹೊರಬಿದ್ದಿತು. 2025ರ ಮಾರ್ಚ್‌ನಲ್ಲಿ ಜಾರ್ಜೆಸ್ಕು ಅವರ ಸ್ಪರ್ಧೆಯನ್ನು ನಿಷೇಧಿಸಲಾಯಿತು. ಮೇ 18ರಂದು ಮತ್ತೆ ನಡೆದ ಚುನಾವಣೆಯ ಅಂತಿಮ ಸುತ್ತಿನಲ್ಲಿ ಬುಖಾರೆಸ್ಟಿನ ಮೇಯರ್ ನಿಕುಶೋರ್ ದಾನ್ ಗೆದ್ದರು.

ರುಮೇನಿಯದ ನ್ಯಾಯಮೂರ್ತಿಗಳನ್ನು ನಾನು ಲಘುವಾಗಿ ನಿಂದಿಸಲಾರೆ. ಗುಪ್ತವಾದ ಹಣ, ಗುಪ್ತವಾದ ಕೈಗಳು ಪ್ರಚಾರದಲ್ಲಿ ಸೇರಿದ್ದರೆ ನ್ಯಾಯಾಲಯವು ಕಣ್ಣುಮುಚ್ಚಿ ಕೂರಬೇಕೇ? ಆದರೂ, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದೆಂಬ ನಮ್ಮ ಗಾದೆ ನೆನಪಾಗದಿರದು. ಲಕ್ಷಾಂತರ ಜನರು ತಾವಾಗಿಯೇ ನಡೆದುಹೋಗಿ ಹಾಕಿದ ಮತಗಳನ್ನು, ಜನರ ಮುಂದೆ ಪೂರ್ಣವಾಗಿ ಇಡದ ಸಾಕ್ಷ್ಯದ ಬಲದಿಂದ ಅಳಿಸಿಹಾಕಿದರೆ, ಆ ಜನರಿಗೆ ಉಳಿಯುವ ಪಾಠವೇನು? ಮತಪೆಟ್ಟಿಗೆಯ ಮಾತು ಕೊನೆಯ ಮಾತಲ್ಲವೆಂಬುದೇ ಅಲ್ಲವೇ?

ಇಲ್ಲಿಯೇ ಈ ಚರ್ಚೆಯ ತಿರುಳು ಇದೆಯೆಂದು ನಾನು ತಿಳಿಯುತ್ತೇನೆ. ಅಮೆರಿಕದ ಗುಪ್ತಚರ ಸಂಸ್ಥೆಗಳು 2017ರ ಜನವರಿಯಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ ರಷ್ಯದ ಉದ್ದೇಶಗಳನ್ನು ಹೇಳುವಾಗ, ಪ್ರಜಾಪ್ರಭುತ್ವದ ಕ್ರಮದಲ್ಲಿ ಜನರಿಗಿರುವ ನಂಬಿಕೆಯನ್ನು ಕುಂದಿಸುವುದೂ ಅದರಲ್ಲಿ ಒಂದೆಂದು ಎಣಿಸಿದ್ದರು. ಚುನಾವಣೆ ನಿಂತಿರುವುದು ಗೆದ್ದವನ ಹರ್ಷದ ಮೇಲಲ್ಲ, ಸೋತವನ ಒಪ್ಪಿಗೆಯ ಮೇಲೆ. 2016ರಲ್ಲಿ ಕ್ಲಿಂಟನ್ ಮರುದಿನವೇ ಸೋಲನ್ನು ಒಪ್ಪಿದರು. 2020ರಲ್ಲಿ ಟ್ರಂಪ್ ಒಪ್ಪಲಿಲ್ಲ. ಅವರ ದೂರುಗಳನ್ನು ನ್ಯಾಯಾಲಯಗಳು ಒಂದಾದ ಮೇಲೊಂದರಂತೆ ತಳ್ಳಿಹಾಕಿದರೂ 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು. ಆ ದಿನ ಪರದೇಶದವನೊಬ್ಬನು ಬೆರಳೆತ್ತುವ ಅಗತ್ಯವೂ ಇರಲಿಲ್ಲ.

ಆದುದರಿಂದ ಪರರ ಕೈಯನ್ನು ತಡೆಯುವ ಕೆಲಸ ಮತದಾನಕ್ಕೆ ಮೊದಲೇ ಆಗಬೇಕು: ಪ್ರಚಾರದ ಹಣ ಯಾರದೆಂಬುದು ಬೆಳಕಿಗೆ ಬರಬೇಕು, ಸರಕಾರಕ್ಕೆ ತಿಳಿದುದು ಸಕಾಲದಲ್ಲಿ ಜನರಿಗೂ ತಿಳಿಯಬೇಕು, ಹೊರಗಿನ ನೆರವು ಬಂದಾಗ ಅಭ್ಯರ್ಥಿಯು ಅದನ್ನು ಹಿಂದಿರುಗಿಸಿ ಬಹಿರಂಗಪಡಿಸಬೇಕು. ಮತ ಎಣಿಸಿಯಾದ ಮೇಲೆ ಎತ್ತುವ ಕೂಗಿಗೆ ಸಾಕ್ಷ್ಯದ ಭಾರ ಬಹಳ ಹೆಚ್ಚಾಗಿರಬೇಕು. ಶಾಲೆ ಕಾಲೇಜುಗಳಲ್ಲಿ ಪಾಠ ಹೇಳುವವರಿಗೂ ಇಲ್ಲಿ ಕೆಲಸವಿದೆ. ಓದಿದ್ದನ್ನು ಯಾರು ಬರೆದರು, ಏಕೆ ಬರೆದರು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಹುಡುಗರಲ್ಲಿ ಬೆಳೆಸಬಲ್ಲವರು ಅವರೇ. ಹೂಸ್ಟನ್ನಿನ ಬೀದಿಯಲ್ಲಿ ಅಂದು ನೆರೆದವರಲ್ಲಿ ಒಬ್ಬನಾದರೂ, ಕರೆ ಕೊಟ್ಟವರು ಎಲ್ಲಿದ್ದಾರೆ, ಅವರೇಕೆ ಬಂದಿಲ್ಲ ಎಂದು ಕೇಳಿದ್ದರೆ 200 ಡಾಲರಿನ ಆ ಆಟ ಅಲ್ಲಿಯೇ ಮುಗಿಯುತ್ತಿತ್ತು.