ಎಂಬಿಎ ಸೇರುವ ಮುನ್ನ ದುಬಾರಿ ಕೋರ್ಸ್ ಮಾಡಲೇಬೇಕೇ? ವಾಸ್ತವವೇನು?

ಎಂಬಿಎ ಸೀಟು ಸಿಕ್ಕಿತು ಎಂದು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಾಕು, ಅಭಿನಂದನೆಗಳ ಬೆನ್ನಿಗೇ ಎರಡು ಬಗೆಯ ಫಾರ್ವರ್ಡ್‌ಗಳು ಬರತೊಡಗುತ್ತವೆ. ಒಂದು ಹೆದರಿಸುತ್ತದೆ: ತರಗತಿ ಶುರುವಾಗುವ ಮೊದಲು ಈ ಕೋರ್ಸ್ ಮಾಡದಿದ್ದರೆ ಮೊದಲ ಸೆಮಿಸ್ಟರ್‌ನಲ್ಲೇ ಫೇಲ್, ಇಂದೇ ಹಣ ಕಟ್ಟಿದರೆ ಅರ್ಧ ಬೆಲೆ. ಇನ್ನೊಂದು ಸಮಾಧಾನ ಹೇಳುತ್ತದೆ: ಎಂಬಿಎ ಎಂದರೆ ಬರೀ ಮಾತು ಮತ್ತು ಪಿಪಿಟಿ, ಈಗಲೇ ಯಾಕೆ ಓದು, ಆರಾಮಾಗಿರಿ.

ಮೊದಲನೆಯದನ್ನು ನಂಬಿದರೆ ಅಪ್ಪ ಅಮ್ಮ ಸಾಲ ಮಾಡಿ ಹೊಂದಿಸಿದ ಹಣದಲ್ಲಿ ಒಂದು ಪಾಲು ಸುಮ್ಮನೆ ಹೋಗುತ್ತದೆ. ಎರಡನೆಯದನ್ನು ನಂಬಿದರೆ ಮೊದಲ ತಿಂಗಳಲ್ಲೇ ತರಗತಿ ಕೈತಪ್ಪಿ ಹೋಗಬಹುದು. ಹಾಗಾದರೆ ನಿಜ ಎಲ್ಲಿದೆ? ಒಂದೊಂದಾಗಿ ನೋಡೋಣ.

‘ಬಿ.ಎ. ಓದಿದವರಿಗೆ ಲೆಕ್ಕ ಹತ್ತದು’: ನಿಜವೇ?

ಇಲ್ಲ. ಐಐಎಂಗಳ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಯನ್ನು ನಿಗದಿತ ಅಂಕಗಳಿರುವ ಯಾವುದೇ ಪದವೀಧರರು ಬರೆಯಬಹುದು. ಇಂಥದ್ದೇ ವಿಷಯ ಓದಿರಬೇಕು ಎಂಬ ನಿಯಮವಿಲ್ಲ.

ಕಲಾ ವಿಭಾಗದವರದ್ದು ‘ಬಲಮೆದುಳು’, ಲೆಕ್ಕದವರದ್ದು ‘ಎಡಮೆದುಳು’ ಎಂಬ ಚಿತ್ರಗಳೂ ಫೋನಿನಿಂದ ಫೋನಿಗೆ ಓಡಾಡುತ್ತಿರುತ್ತವೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿದರು. ಮೆದುಳಿನ ಕೆಲವು ಕೆಲಸಗಳು ಒಂದು ಬದಿಯಲ್ಲಿ ಹೆಚ್ಚು ನಡೆಯುತ್ತವೆ ನಿಜ. ಆದರೆ ಒಬ್ಬ ವ್ಯಕ್ತಿಯೇ ಒಟ್ಟಾರೆ ಎಡದವನು ಅಥವಾ ಬಲದವನು ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ಪಿಯುಸಿಯಲ್ಲಿ ಲೆಕ್ಕ ಬಿಟ್ಟವರಿಗೆ ಕಡಿಮೆಯಾಗಿರುವುದು ಅಭ್ಯಾಸ, ಮೆದುಳಲ್ಲ. ಅಭ್ಯಾಸವನ್ನು ಮತ್ತೆ ತಂದುಕೊಳ್ಳಬಹುದು.

ಹಾಗಾದರೆ ಏನನ್ನು ಕಲಿತಿರಬೇಕು?

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2014ರಲ್ಲಿ ವ್ಯವಹಾರದ ಮೂಲಪಾಠಗಳಿಗೆಂದು ಆನ್‌ಲೈನ್ ಕಾರ್ಯಕ್ರಮ ಆರಂಭಿಸಿದಾಗ ಆರಿಸಿಕೊಂಡದ್ದು ಮೂರೇ ವಿಷಯ: ಅಂಕಿಅಂಶ ವಿಶ್ಲೇಷಣೆ, ಅರ್ಥಶಾಸ್ತ್ರ ಮತ್ತು ಲೆಕ್ಕಪತ್ರ. ಮಾರ್ಕೆಟಿಂಗ್, ನಾಯಕತ್ವ ಮುಂತಾದವು ಆ ಪಟ್ಟಿಯಲ್ಲಿಲ್ಲ. ಅವನ್ನು ತರಗತಿಯಲ್ಲಿ ಹೇಗೂ ಕಲಿಸುತ್ತಾರೆ. ಈ ಮೂರರ ಗಂಧವೇ ಇಲ್ಲದಿದ್ದರೆ ಮಾತ್ರ ಉಳಿದ ಪಾಠಗಳೂ ಅರ್ಥವಾಗದೆ ಹೋಗುತ್ತವೆ.

1. ಲೆಕ್ಕಪತ್ರ. ಒಬ್ಬ ಅಂಗಡಿಯವರು 70,000 ರೂಪಾಯಿ ನಗದು ಕೊಟ್ಟು ಸಾಮಾನು ತಂದು, ಅಷ್ಟನ್ನೂ 1 ಲಕ್ಷಕ್ಕೆ ಉದ್ರಿಯಲ್ಲಿ ಮಾರಿದರು ಎಂದುಕೊಳ್ಳಿ. ಪುಸ್ತಕದಲ್ಲಿ ಲಾಭ 30,000. ಆದರೆ ಗಲ್ಲಾಪೆಟ್ಟಿಗೆಯಿಂದ 70,000 ಹೋಗಿದೆ, ಬಂದದ್ದು ಸೊನ್ನೆ. ಬಾಡಿಗೆ ಕಟ್ಟಲು ಕಾಸಿಲ್ಲ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಎಂಬುದು ತಿಳಿದರೆ ಲೆಕ್ಕಪತ್ರದ ದೊಡ್ಡ ಬಾಗಿಲೇ ತೆರೆದಂತೆ. ಹಾಗೆಯೇ 20,000 ರೂಪಾಯಿಯ ಹೊಲಿಗೆ ಯಂತ್ರ ಐದು ವರ್ಷ ಬಾಳುವುದಾದರೆ ಅಷ್ಟೂ ಹಣ ಈ ವರ್ಷದ ಖರ್ಚಲ್ಲ. ಸಮನಾಗಿ ಹಂಚಿದರೆ ವರ್ಷಕ್ಕೆ 4,000. ಇದೇ ಸವಕಳಿ.

2. ಅಂಕಿಅಂಶ. ಇದರ ಮೊದಲ ಉಪಯೋಗ ಕಾಲೇಜು ಸೇರುವ ಮುನ್ನವೇ ಇದೆ. ‘ಸರಾಸರಿ ಪ್ಯಾಕೇಜ್ 9.5 ಲಕ್ಷ’ ಎಂಬ ಜಾಹೀರಾತು ನೋಡುತ್ತೀರಿ. ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಜನರಿಗೆ ತಲಾ 5 ಲಕ್ಷ, ಒಬ್ಬರಿಗೆ 50 ಲಕ್ಷ ಸಿಕ್ಕರೂ ಒಟ್ಟು 95 ಲಕ್ಷ, ಸರಾಸರಿ 9.5 ಲಕ್ಷವೇ. ಅಷ್ಟು ಸಂಬಳ ಪಡೆದವರು ಒಬ್ಬರೂ ಇಲ್ಲ! ಸಂಬಳಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ನೋಡಿದರೆ 5 ಲಕ್ಷ. ಅದು ಮಧ್ಯಾಂಕ. ಹೈಸ್ಕೂಲಿನಲ್ಲಿ ಓದಿ ಮರೆತ ಈ ಪಾಠವನ್ನು ನೆನಪಿಸಿಕೊಂಡು, ಕಾಲೇಜಿನವರನ್ನು ‘ಮಧ್ಯಾಂಕ ಎಷ್ಟು, ಎಷ್ಟು ಜನರಿಗೆ ಕೆಲಸ ಸಿಕ್ಕಿದೆ’ ಎಂದು ಕೇಳಿ.

ಶೇಕಡಾ ಲೆಕ್ಕದಲ್ಲೂ ಜಾರುವವರು ಬಹಳ. 100 ರೂಪಾಯಿಯ ವಸ್ತು ಶೇ. 20 ಇಳಿದು ಮತ್ತೆ ಶೇ. 20 ಏರಿದರೆ 100 ಆಗುವುದಿಲ್ಲ, 96 ಆಗುತ್ತದೆ.

3. ಅರ್ಥಶಾಸ್ತ್ರ. ಬೇಡಿಕೆ, ಪೂರೈಕೆ, ಅವಕಾಶ ವೆಚ್ಚ ಎಂಬ ಮೂರು ವಿಚಾರ ಸ್ಪಷ್ಟವಿದ್ದರೆ ಆರಂಭಕ್ಕೆ ಸಾಕು. ತಿಂಗಳಿಗೆ 25,000 ಸಂಬಳದ ಕೆಲಸ ಬಿಟ್ಟು ಎರಡು ವರ್ಷದ ಎಂಬಿಎಗೆ 8 ಲಕ್ಷ ಶುಲ್ಕ ಕಟ್ಟುವವರ ನಿಜವಾದ ಖರ್ಚು 8 ಲಕ್ಷವಲ್ಲ. ಬಿಟ್ಟ ಸಂಬಳ 6 ಲಕ್ಷವೂ ಸೇರಿ 14 ಲಕ್ಷ. ಅದೇ ಅವಕಾಶ ವೆಚ್ಚದ ಲೆಕ್ಕ.

ಈ ಮೂರರ ಜೊತೆಗೆ ಎಕ್ಸೆಲ್ ಬೇಕು. ಸೂತ್ರ ಹಾಕುವುದು, ಪಟ್ಟಿ ಸೋಸುವುದು, ಪಿವಟ್ ಟೇಬಲ್ ಮಾಡುವುದು ಬಂದರೆ ಸದ್ಯಕ್ಕೆ ಸಾಕು. ಮನೆಯ ಮೂರು ತಿಂಗಳ ಖರ್ಚನ್ನೇ ಹಾಕಿ ಕಲಿಯಿರಿ.

ಓದಿದ್ದು ನೆನಪಲ್ಲಿ ಉಳಿಯುವುದು ಹೇಗೆ?

‘ಸೇರುವ ಮುನ್ನ ಓದಲೇಬೇಕಾದ 50 ಪುಸ್ತಕಗಳು’ ಎಂಬ ಪಟ್ಟಿಯೂ ನಿಮಗೆ ಬಂದಿರಬಹುದು. ಎಷ್ಟು ಓದಿದಿರಿ ಎನ್ನುವುದಕ್ಕಿಂತ ಹೇಗೆ ಓದಿದಿರಿ ಎನ್ನುವುದು ಮುಖ್ಯ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ ಮೇಲೆ ಹಾಳೆ ಬದಿಗಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು.

ಹಳದಿ ಪೆನ್ನಿನಿಂದ ಪುಟ ತುಂಬ ಗೆರೆ ಎಳೆದಾಗ ‘ಎಲ್ಲ ಗೊತ್ತು’ ಎನಿಸುತ್ತದೆ. ಪುಸ್ತಕ ಮುಚ್ಚಿದಾಗಲೇ ಗೊತ್ತಿರುವುದೆಷ್ಟು ಎಂದು ತಿಳಿಯುವುದು. ಆದ್ದರಿಂದ ಒಂದು ಪಾಠ ಮುಗಿದ ಕೂಡಲೇ ಪುಸ್ತಕ ಮುಚ್ಚಿ ಬರೆಯಿರಿ. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ಅದನ್ನೇ ಮತ್ತೆ ಬರೆದು ನೋಡಿ. ಒಂದೇ ಭಾನುವಾರ ಹತ್ತು ಗಂಟೆ ಕೂರುವುದಕ್ಕಿಂತ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಫಲ ಕೊಡುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಏನು ಮಾಡಬೇಕು?

ಬಹಳ ಜನರ ನಿಜವಾದ ಭಯ ಲೆಕ್ಕವಲ್ಲ, ಇಂಗ್ಲಿಷ್. ತರಗತಿಯಲ್ಲಿ ಮಾತಾಡುವುದಕ್ಕಿಂತ ಮೊದಲ ಹೊಡೆತ ಬೀಳುವುದು ಓದಿನ ವೇಗಕ್ಕೆ. ‘ಕೇಸ್’ ಎಂದು ಕರೆಯುವ, ಒಂದು ಕಂಪನಿಯ ಸಮಸ್ಯೆಯನ್ನು ವಿವರಿಸುವ ಹಲವು ಪುಟಗಳನ್ನು ಓದಿಕೊಂಡು ಮರುದಿನ ತರಗತಿಗೆ ಹೋಗಬೇಕಾಗುತ್ತದೆ.

ಇದಕ್ಕೆ ದಿನಕ್ಕೊಂದು ವಾಣಿಜ್ಯ ಸುದ್ದಿ ಸಾಕು. ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಓದುವಾಗ ಮೂರು ಪ್ರಶ್ನೆ ಇಟ್ಟುಕೊಳ್ಳಿ: ಇಲ್ಲಿ ತೀರ್ಮಾನ ಮಾಡಬೇಕಾದವರು ಯಾರು? ಅವರ ಮುಂದಿರುವ ದಾರಿಗಳು ಯಾವುವು? ಯಾವ ಅಂಕಿ ಆ ತೀರ್ಮಾನವನ್ನು ಬದಲಿಸಬಲ್ಲದು?

ಹಣ ಕೊಡಲೇಬೇಕೇ?

ಬೇಕಿಲ್ಲ. ಎನ್‌ಸಿಇಆರ್‌ಟಿಯ 11ನೇ ತರಗತಿಯ ಲೆಕ್ಕಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದ ಪುಸ್ತಕಗಳನ್ನು ಅದರ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳಿವೆ, ಬೆಂಗಳೂರಿನ ಐಐಎಂ ಸಿದ್ಧಪಡಿಸಿದವೂ ಅದರಲ್ಲಿವೆ. ಪಾಠ ಕೇಳುವುದು ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ. ಕನ್ನಡದಲ್ಲೇ ಬೇಕೆಂದರೆ ಪಕ್ಕದ ಮನೆಯ ಕಾಮರ್ಸ್ ಹುಡುಗಿಯ ಹಳೆಯ ಪಿಯುಸಿ ಪುಸ್ತಕ ಕೇಳಿ ತನ್ನಿ.

ಹಣ ಕಟ್ಟುವ ಮೊದಲು ಸೇರಲಿರುವ ಕಾಲೇಜಿಗೇ ಒಂದು ಫೋನ್ ಮಾಡಿ. ಲೆಕ್ಕ, ಅಕೌಂಟ್ಸ್ ಗೊತ್ತಿಲ್ಲದವರಿಗಾಗಿ ತರಗತಿ ಶುರುವಾಗುವ ಹೊತ್ತಿಗೆ ಕೆಲವು ಕಾಲೇಜುಗಳೇ ‘ಬ್ರಿಡ್ಜ್ ಕೋರ್ಸ್’ ನಡೆಸುತ್ತವೆ. ಒಬ್ಬರೇ ಕೂತು ಓದುವ ಶಿಸ್ತು ಬಾರದು ಎನ್ನುವವರಿಗೆ ಹಣ ಕೊಟ್ಟ ಕೋರ್ಸ್ ಸಹಾಯ ಮಾಡಬಹುದು. ಅದು ಅನುಕೂಲ, ಅನಿವಾರ್ಯವಲ್ಲ.

ಆರು ವಾರಗಳಿದ್ದರೆ ನಮ್ಮ ಸಲಹೆ

- ಮೊದಲ ಎರಡು ವಾರ: ಲೆಕ್ಕಪತ್ರ
- ಮೂರು, ನಾಲ್ಕನೇ ವಾರ: ಶೇಕಡಾ, ಸರಾಸರಿ, ಮಧ್ಯಾಂಕ, ಸಂಭವನೀಯತೆ, ಜೊತೆಗೆ ಎಕ್ಸೆಲ್
- ಐದನೇ ವಾರ: ಅರ್ಥಶಾಸ್ತ್ರ
- ಆರನೇ ವಾರ: ಒಂದು ಕಂಪನಿಯ ವಾರ್ಷಿಕ ವರದಿ ತೆರೆದು ಅದರ ಲಾಭ, ಸಾಲ, ನಗದು ಎಷ್ಟೆಂದು ನೀವೇ ಹುಡುಕಿ
- ಆರೂ ವಾರ, ದಿನವೂ: ಒಂದು ಸುದ್ದಿ, ಎರಡು ಭಾಷೆಯಲ್ಲಿ

ಫಾರ್ವರ್ಡ್ ಮಾಡುವ ಮುನ್ನ

‘ಈ ಕೋರ್ಸ್ ಮಾಡದಿದ್ದರೆ ಫೇಲ್’ ಎಂಬ ಸಂದೇಶದ ಕೊನೆಯಲ್ಲಿ ಹಣ ಕಟ್ಟುವ ಲಿಂಕ್ ಇದೆಯೇ ನೋಡಿ. ಇದ್ದರೆ ಅದು ಸಲಹೆಯಲ್ಲ, ಜಾಹೀರಾತು. ‘ಏನೂ ಓದಬೇಡಿ’ ಎನ್ನುವುದರಲ್ಲಿ ಲಿಂಕ್ ಇರುವುದಿಲ್ಲ, ಆದರೆ ಅದರ ಬೆಲೆಯನ್ನು ಸೇರಿದ ಮೇಲೆ ತೆರಬೇಕಾಗುತ್ತದೆ. ನಿಮ್ಮ ಗ್ರೂಪಿನಲ್ಲಿ ಈ ವರ್ಷ ಎಂಬಿಎ ಸೇರುವ ತಮ್ಮನೋ ತಂಗಿಯೋ ಇದ್ದರೆ ಎರಡನ್ನೂ ಅಲ್ಲಿಗೇ ನಿಲ್ಲಿಸಿ. ಮೇಲಿನ ಆರು ವಾರಗಳ ಪಟ್ಟಿಯನ್ನು ಕಳಿಸಿ, ಜೊತೆಗೆ ಒಂದು ನೋಟ್‌ಬುಕ್ ಕೊಡಿಸಿ.