ಗಜಕರ್ಣ, ಸರ್ಪಸುತ್ತು ಮತ್ತು ಮೊಬೈಲ್ ಡಾಕ್ಟ್ರು

ಈ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಇದ್ದ ವಿಷಯ ಬರೆಯೋಕೆ ನಾಚಿಕೆ :) ಕಳೆದ ವಾರ ಆಫೀಸಲ್ಲಿ ಊಟ ಮಾಡ್ತಾ ಇದ್ದಾಗ ಗೆಳೆಯನೊಬ್ಬ, "ಮೈ ಮುಟ್ಟಿ ನೋಡದೆ ಚರ್ಮಕ್ಕೆ ಔಷಧಿ ಬರೆಯೋರು ಡಾಕ್ಟ್ರೇ ಅಲ್ಲ. ಈ ಆನ್‌ಲೈನ್ ಎಲ್ಲಾ ದುಡ್ಡು ಹೊಡೆಯೋ ದಂಧೆ" ಅಂದ. ನಾನು ಹಾಗಲ್ಲ ಅಂದೆ. ವಾದ ಅರ್ಧಕ್ಕೇ ನಿಂತುಹೋಯ್ತು, ಯಾಕಂದ್ರೆ ನನ್ನ ಪುರಾವೆ ಪ್ಯಾಂಟಿನೊಳಗಿತ್ತು. ಅಲ್ಲಿ ಹೇಳೋಕಾಗದ್ದನ್ನ ಇಲ್ಲಿ ಹೇಳ್ತೀನಿ.

ಹೋದ ಮಳೆಗಾಲದಲ್ಲಿ ತೊಡೆ ಸಂದಿಯಲ್ಲಿ ರೂಪಾಯಿ ಅಗಲದ ಒಂದು ಉಂಗುರ ಎದ್ದಿತ್ತು. ಪೀಜಿ ರೂಮಲ್ಲಿ ಬಟ್ಟೆ ಒಣಗಲ್ಲ, ಅರೆ ಒದ್ದೆ ಜೀನ್ಸ್ ಹಾಕ್ಕೊಂಡೇ ಓಡೋದು. ಊರಲ್ಲಿ ಎಲ್ಲರೂ ಕರೆಯೋ ಹಾಗೆ ಗಜಕರ್ಣ, ಹುಳುಕಡ್ಡಿ. ಮೆಡಿಕಲ್ ಶಾಪಲ್ಲಿ ಪಕ್ಕದಲ್ಲಿದ್ದ ಹೆಂಗಸರು ಹೋಗೋವರೆಗೂ ಕಾದು, ದನಿ ತಗ್ಗಿಸಿ ಕೇಳಿದೆ. ಹುಡುಗ ಒಂದು ಟ್ಯೂಬ್ ಕೊಟ್ಟ. ಎರಡೇ ದಿನಕ್ಕೆ ತುರಿಕೆ ಮಾಯ! ಹಚ್ಚೋದು ನಿಲ್ಲಿಸಿದೆ, ವಾಪಸ್ ಬಂತು, ಅದೂ ಡಬಲ್ ಸೈಜಲ್ಲಿ. ಮತ್ತೆ ಟ್ಯೂಬ್. ಹೀಗೇ ಮೂರು ತಿಂಗಳು.

ಕೊನೆಗೊಂದಿನ ಟ್ಯೂಬ್ ಮೇಲಿನ ಸಣ್ಣಕ್ಷರ ಓದಿದೆ. ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್, ಜೊತೆಗೆ ಕ್ಲೋಬೆಟಾಸಾಲ್. ಈ ಮೂರನೇದು ಚರ್ಮಕ್ಕೆ ಹಚ್ಚೋ ಸ್ಟಿರಾಯ್ಡ್‌ಗಳಲ್ಲೇ ಭಾರಿ ಜೋರಿನದು. ಅದು ಫಂಗಸ್ಸನ್ನ ಕೊಲ್ಲಲ್ಲ, ಫಂಗಸ್ ವಿರುದ್ಧ ಮೈ ಮಾಡೋ ಗಲಾಟೆಯನ್ನ ಮಲಗಿಸುತ್ತೆ. ನಮಗೆ ತುರಿಕೆ ನಿಂತ ಸುಖ, ಒಳಗೆ ಅದಕ್ಕೆ ಹಬ್ಬ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬಗ್ ಫಿಕ್ಸ್ ಮಾಡದೆ ಎರರ್ ಲಾಗ್ ಆಫ್ ಮಾಡಿದ ಹಾಗೆ. ಉಂಗುರದ ಅಂಚು ಅಳಿಸಿಹೋಗಿ ನೋಡಿದೋರಿಗೆ ಗುರುತೇ ಸಿಗದ ಹಾಗಾಗುತ್ತೆ. ವೈದ್ಯರು ಇದಕ್ಕೆ 'ಟಿನಿಯಾ ಇನ್‌ಕಾಗ್ನಿಟೋ' ಅಂತಾರೆ, ವೇಷ ಮರೆಸಿಕೊಂಡ ಗಜಕರ್ಣ. 2018ರಲ್ಲೇ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಹೆಚ್‌ಗೆ ಸೇರಿಸಿದೆ. ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ನನ್ನನ್ನ ಯಾರೂ ಚೀಟಿ ಕೇಳಲಿಲ್ಲ.

ನನ್ನ ಗೆಳೆಯನ ವಾದ ತಪ್ಪೋದು ಇಲ್ಲೇ. ಅವನು ಮೊಬೈಲಲ್ಲಿ ಕಾಣೋ ಡಾಕ್ಟರನ್ನ ಎದುರಿಗೆ ಕೂತಿರೋ ಚರ್ಮದ ಡಾಕ್ಟರಿಗೆ ಹೋಲಿಸ್ತಾನೆ. ಹಾಗೆ ಹೋಲಿಸಿದ್ರೆ ಎದುರಿಗಿರೋರೇ ಗೆಲ್ಲೋದು, ಅನುಮಾನವೇ ಇಲ್ಲ. ಆದ್ರೆ ನಮ್ಮಂಥೋರು ಎಷ್ಟು ಜನ ಮೊದಲ ದಿನವೇ ಚರ್ಮದ ಡಾಕ್ಟರ ಹತ್ರ ಹೋಗ್ತೀವಿ? ನಾವು ಹೋಗೋದು ಆ ಹುಡುಗನ ಹತ್ರ, ಟ್ಯೂಬಿಗೆ. ಹೋಲಿಸಬೇಕಾದ್ದು ಅದಕ್ಕೆ.

ಹಾಗಂತ ಆನ್‌ಲೈನ್ ಅಂದದ್ದೆಲ್ಲ ಚಿನ್ನ ಅಲ್ಲ. ನಾನು ಮೊದಲು ಮಾಡಿಸಿದ್ದು ಬರೀ ಚಾಟ್. ಎರಡು ಫೋಟೋ ಕಳಿಸಿದೆ, ನಾಲ್ಕು ನಿಮಿಷದಲ್ಲಿ ಚೀಟಿ ಬಂತು, ಅದರಲ್ಲೂ ಅಂಥದ್ದೇ ಇನ್ನೊಂದು ಮಿಶ್ರಣ! ಎರಡನೇ ಸಲ ವಿಡಿಯೋದಲ್ಲಿ ಸಿಕ್ಕಿದ ಮೇಡಂ ಮಾತ್ರ ಪ್ರಶ್ನೆ ಕೇಳ್ತಾನೇ ಹೋದ್ರು. ಎಷ್ಟು ದಿನದಿಂದ? ಏನೇನು ಹಚ್ಚಿದ್ರಿ, ಟ್ಯೂಬ್ ಕ್ಯಾಮೆರಾ ಮುಂದೆ ಹಿಡೀರಿ. ರೂಮ್‌ಮೇಟ್‌ಗೂ ತುರಿಕೆ ಇದ್ಯಾ? ಟವೆಲ್ ಯಾರದು? (ಟವೆಲ್ ವಿಷಯದಲ್ಲಿ ನಾನು ಸುಳ್ಳು ಹೇಳಿದೆ.) ಆಮೇಲೆ, "ನೀವು ಸ್ಟಿರಾಯ್ಡ್ ಹಚ್ಚಿ ಎಲ್ಲಾ ಕಲಸಿಬಿಟ್ಟಿದ್ದೀರ, ಇದನ್ನ ನೋಡಿ ನಾನು ಖಂಡಿತ ಹೇಳೋಕಾಗಲ್ಲ. ಹತ್ತಿರದಲ್ಲಿ ಯಾರಾದ್ರೂ ಚರ್ಮದ ಡಾಕ್ಟರ ಹತ್ರ ಹೋಗಿ ಹೊಟ್ಟು ಕೆರೆಸಿ ನೋಡಿಸಿ" ಅಂದ್ರು. ಫೀಸು ತಗೊಂಡು ಬೇರೆಯೋರ ಹತ್ರ ಕಳಿಸ್ತಾರಲ್ಲ ಅಂತ ಆವತ್ತು ಸಿಟ್ಟು ಬಂದಿದ್ದು ನಿಜ. ಹೋದೆ. ಕೆರೆದ ಹೊಟ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರು, ಫಂಗಸ್ಸೇ. ವಾರಗಟ್ಟಲೆ ಮಾತ್ರೆ ನುಂಗಿ ಈಗ ವಾಸಿ. ಆ ಮೇಡಂ ನನಗೆ ಒಂದು ಮಾತ್ರೆಯನ್ನೂ ಬರೆಯಲಿಲ್ಲ, ಆದ್ರೆ ಇಷ್ಟರಲ್ಲಿ ನನಗೆ ಸಿಕ್ಕ ಒಳ್ಳೇ ಸಲಹೆ ಅವರದ್ದೇ.

ಇನ್ನು ಅಪ್ಪನ ಕತೆ. ಇದೇ ನನ್ನ ಮನಸ್ಸನ್ನ ಪೂರ್ತಿ ತಿರುಗಿಸಿದ್ದು.

ಒಂದು ಶನಿವಾರ ರಾತ್ರಿ ಅರಸೀಕೆರೆ ಹತ್ತಿರದ ನಮ್ಮೂರಿಂದ ಅಮ್ಮನ ಫೋನು. "ನಿಮ್ಮಪ್ಪಂಗೆ ನಿನ್ನೆಯಿಂದ ಬೆನ್ನಿಂದ ಹೊಟ್ಟೆವರೆಗೂ ಗುಳ್ಳೆ ಎದ್ದಿದೆ ಕಣೋ, ಸರ್ಪಸುತ್ತು ಅಂತಿದಾರೆ." ಅಜ್ಜಿ ಆಗಲೇ ಕೆಮ್ಮಣ್ಣು ಕಲಸಿ ಬಳಿದಾಗಿತ್ತು. ಹೆಡೆಯೂ ಬಾಲವೂ ಕೂಡಿದ್ರೆ ಪ್ರಾಣಕ್ಕೇ ಅಪಾಯ ಅನ್ನೋ ಮಾತು ಗೊತ್ತಲ್ಲ? ಮನೆಯೆಲ್ಲ ಅದೇ ಗಾಬರಿ. ನಿಜ ಏನಂದ್ರೆ, ಚಿಕ್ಕಂದಿನಲ್ಲಿ ಸಿಡುಬಿನ ತಂಗಿಯ ಹಾಗೆ ಬಂದು ಹೋಗುತ್ತಲ್ಲ ಚಿಕನ್‌ಪಾಕ್ಸ್, ಅದರ ವೈರಸ್ಸು ನರದ ಬುಡದಲ್ಲಿ ಮಲಗಿದ್ದು ವಯಸ್ಸಾದ ಮೇಲೆ ಎದ್ದು ಬರೋದು. ಒಂದು ನರದ ದಾರಿ ಹಿಡಿದು ಬರುತ್ತೆ, ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ. ನಡುಗೆರೆ ದಾಟಿ ಸುತ್ತೋದು ಅಪರೂಪ. ಆದ್ರೆ ಆತುರ ಇರೋದು ನಿಜ. ವೈರಸ್ ಔಷಧಿಯನ್ನ ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಶುಕ್ರವಾರ ಬೆಳಗ್ಗೆ ಕಂಡದ್ದು. ಹಾಸನಕ್ಕೆ ಹೋಗೋದು ಸೋಮವಾರ ಅಂತ ಮನೇಲಿ ತೀರ್ಮಾನ ಆಗಿತ್ತು. ಲೆಕ್ಕ ಹಾಕಿ ನೋಡಿ.

ನಾನು ಬೆಂಗಳೂರಲ್ಲಿ, ಅಪ್ಪ ಊರಲ್ಲಿ, ಅದೇ ಮೇಡಂ ಇನ್ನೆಲ್ಲೋ. ತಮ್ಮ ಫೋನ್ ಹಿಡಕೊಂಡ. ಅಂಗಿ ಬಿಚ್ಚಿಸಿ, ಮಣ್ಣು ತೊಳೆಸಿ, ತಿರುಗಿಸಿ ನೋಡಿದ್ರು. ಗುಳ್ಳೆಗಿಂತ ಮೊದಲೇ ಉರಿ ಇತ್ತಾ, ಶುಗರ್ ಇದ್ಯಾ, ಕಿಡ್ನಿ ತೊಂದರೆ ಇದ್ಯಾ ಅಂತ ಕೇಳಿದ್ರು. "ಮುಖದ ಮೇಲೆ, ಕಣ್ಣಿನ ಹತ್ರ ಬಂದಿದ್ರೆ ಈಗಲೇ ಗಾಡಿ ಮಾಡ್ಕೊಂಡು ಹೊರಡಿ ಅಂತಿದ್ದೆ" ಅಂದ್ರು. ಚೀಟಿ ಪಿಡಿಎಫ್ ಬಂತು, ತಮ್ಮ ಭಾನುವಾರ ಬೆಳಗ್ಗೆ ಪೇಟೆಗೆ ಹೋಗಿ ಅಸೈಕ್ಲೋವಿರ್ ತಂದ. ಅಷ್ಟೇ.

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಒಮ್ಮೆ ಓದಿ ನೋಡಿ. ಮೊದಲ ಭೇಟಿಯೇ ಆದ್ರೂ ವಿಡಿಯೋದಲ್ಲಿ ನೋಡಿ ಬರೆಯಬಹುದಾದ ಔಷಧಿಗೆ ಅದು ಕೊಡೋ ಉದಾಹರಣೆಗಳಲ್ಲಿ ತೊಡೆ ಸಂದಿಯ ಗಜಕರ್ಣದ ಔಷಧಿಯೂ ಇದೆ (ನನ್ನ ಮಾನ ಉಳೀತು). ಚೀಟಿ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು. ಎದುರಿಗೆ ಬಂದೇ ತೋರಿಸಿ ಅನ್ನೋ ಹಕ್ಕು ಅವರಿಗೆ ಯಾವಾಗಲೂ ಇದೆ. ದುಡ್ಡಿನ ಚಿಂತೆ ಇದ್ರೆ ಸರ್ಕಾರದ ಇ-ಸಂಜೀವನಿ ಇದೆ, ಪುಕ್ಕಟೆ.

ಫೋಟೋ ವಿಷಯದಲ್ಲಿ ಮಾತ್ರ ತಪ್ಪು ನಮ್ಮದು. ಟ್ಯೂಬ್‌ಲೈಟಲ್ಲಿ ತೆಗೀತೀವಿ, ಫೋನು ಬಣ್ಣ ತಿದ್ದುತ್ತೆ, ಬ್ಯೂಟಿ ಫಿಲ್ಟರ್ ಚರ್ಮ ನುಣುಪು ಮಾಡುತ್ತೆ, ವಾಟ್ಸಾಪ್ ಅದನ್ನ ಮತ್ತೆ ಹಿಂಡುತ್ತೆ. ಹಗಲು ಕಿಟಕಿ ಪಕ್ಕ ನಿಂತು, ಫ್ಲಾಶ್ ಇಲ್ಲದೆ, ದೂರದಿಂದೊಂದು ಹತ್ತಿರದಿಂದೊಂದು ತೆಗೆದು, ಡಾಕ್ಯುಮೆಂಟ್ ಅಂತ ಕಳಿಸಿ. ಅದೂ ಅಲ್ಲದೆ ಪುಸ್ತಕದಲ್ಲಿ 'ಕೆಂಪು' ಅಂತ ಬರೆದದ್ದು ನಮ್ಮ ಕಪ್ಪು ಮೈಮೇಲೆ ಕಂದು, ನೇರಳೆ, ಬೂದು ಹೀಗೆ ಕಾಣುತ್ತೆ. ಲಂಡನ್ನಲ್ಲಿ ಮೆಡಿಕಲ್ ಓದ್ತಿದ್ದ ಮಲೋನ್ ಮುಕ್ವೆಂಡೆ ಅನ್ನೋ ಹುಡುಗ 2020ರಲ್ಲಿ ತನ್ನ ಮೇಷ್ಟ್ರ ಜೊತೆ ಸೇರಿ 'ಮೈಂಡ್ ದ ಗ್ಯಾಪ್' ಅನ್ನೋ ಕೈಪಿಡಿ ಮಾಡಿದ್ದು ಇದೇ ಕಾರಣಕ್ಕೆ.

ಕ್ಯಾಮೆರಾಕ್ಕೆ ಆಗದ ಕೆಲಸವೂ ಇದೆ, ಗೆಳೆಯನಿಗೆ ಅಷ್ಟು ಒಪ್ಪಿಕೊಳ್ತೀನಿ. ಬಿಳಿಚಿದ ಮಚ್ಚೆಯೊಂದು ಸಿಬ್ಬೋ ಕುಷ್ಠವೋ ಅಂತ ತಿಳಿಯೋಕೆ ಹತ್ತಿಯ ಎಳೆ ಸೋಕಿಸಿ ಸ್ಪರ್ಶ ಇದ್ಯಾ ಅಂತ ನೋಡಲೇಬೇಕು. ಹೊಸ ಮಾತ್ರೆ ತಗೊಂಡ ಮೇಲೆ ಜ್ವರ, ಬಾಯಲ್ಲಿ ಹುಣ್ಣು, ಮೈಮೇಲೆ ಗುಳ್ಳೆ ಬಂದ್ರೆ ಫೋಟೋ ತೆಗೀತಾ ಕೂರಬಾರದು, ಆಸ್ಪತ್ರೆಗೇ ಓಡಬೇಕು.

ಅಪ್ಪನ ಗುಳ್ಳೆಯೆಲ್ಲ ಒಣಗಿ ಈಗ ಕಲೆ ಅಷ್ಟೇ ಉಳಿದಿದೆ, ಆಗಾಗ ಸ್ವಲ್ಪ ಚುಚ್ಚುತ್ತೆ ಅಂತಾರೆ. ಕೆಮ್ಮಣ್ಣು ಹಚ್ಚಿದ್ದಕ್ಕೇ ವಾಸಿಯಾಗಿದ್ದು ಅಂತ ಅಜ್ಜಿ ಊರೆಲ್ಲ ಹೇಳ್ಕೊಂಡು ಬರ್ತಿದಾರೆ. ನಾನಂತೂ ವಾದಕ್ಕೆ ಹೋಗಿಲ್ಲ :)